ಬಾವಲಿ ಡಿಟೆಕ್ಟರ್: 42ರ ಸೀಟಿ ಕೊನೆಗೂ ನಿಂತಿತು

ಸೀಟಿ ನಿಂತಿದೆ! ಹೆಡ್‌ಫೋನ್ ಹಾಕಿಕೊಂಡು ಡಯಲನ್ನು 20ರಿಂದ 90 ಕಿಲೋಹರ್ಟ್ಸ್‌ವರೆಗೆ ನಿಧಾನಕ್ಕೆ ತಿರುಗಿಸಿದರೆ ಈಗ ಕೇಳುವುದು ಬರೀ ತೆಳ್ಳಗಿನ 'ಹಿಸ್ಸ್'. ಇಷ್ಟು ಚೆಂದದ ಹಿಸ್ ನಾನು ಹಿಂದೆಂದೂ ಕೇಳಿರಲಿಲ್ಲ. ಬಾವಲಿ ಡಿಟೆಕ್ಟರ್, ಅಂದರೆ ನಮ್ಮ ಕಿವಿಗೆ ನಿಲುಕದ ಬಾವಲಿ ಕೂಗನ್ನು ಕೇಳಿಸುವ ಪೆಟ್ಟಿಗೆ ಕಟ್ಟಲು ಕೂತವರಿಗೆ ಈ ಖುಷಿ ಏನು ಅಂತ ಗೊತ್ತಿರುತ್ತದೆ.

ಬೋರ್ಡಿನ ವಿಷಯ ಬೇಗ ಮುಗಿಸುತ್ತೇನೆ. ಮಾಮೂಲಿ ಹೆಟರೊಡೈನ್, ಅಂದರೆ ಬಂದ ಸದ್ದಿಗೆ ನಮ್ಮದೇ ಒಂದು ಆವರ್ತನ ಬೆರೆಸಿ ವ್ಯತ್ಯಾಸವನ್ನು ಕೇಳುವ ವಿಧಾನ. ಮುಂದೆ ಒಂದು ಮೆಮ್ಸ್ ಮೈಕ್ (ಪುಟ್ಟ ಚಿಪ್ ಮೈಕ್), ಅದರ ಹಿಂದೆ ಸದ್ದು ಹಿಗ್ಗಿಸಲು ಎರಡು ಹಂತದ ಆಪ್-ಆಂಪ್ ಚಿಪ್, 74ಎಚ್‌ಸಿ4053 ಮಿಕ್ಸರ್ (ಎರಡು ಆವರ್ತನ ಬೆರೆಸಲು), 4046 ಆಸಿಲೇಟರ್ (ಡಯಲಿನ ಆವರ್ತನ ಹುಟ್ಟಿಸಲು), ಕೊನೆಗೆ ಹೆಡ್‌ಫೋನಿಗೆ ಸದ್ದು ಕೊಡುವ ಆಂಪ್ಲಿಫೈಯರ್, ನಮ್ಮೆಲ್ಲರ ಹಳೇ ಗೆಳೆಯ ಎಲ್‌ಎಂ386. ಬಾವಲಿ 45 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತದೆ, ನಾವು ಡಯಲನ್ನು 43ಕ್ಕೆ ಇಡುತ್ತೇವೆ. ವ್ಯತ್ಯಾಸದ 2 ಕಿಲೋಹರ್ಟ್ಸ್ ಕಿವಿಗೆ ಬೀಳುತ್ತದೆ, ಮೊತ್ತದ 88 ಫಿಲ್ಟರಿನಲ್ಲೇ ಉಳಿಯುತ್ತದೆ. ಮನುಷ್ಯನ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ, ಅದೂ ಎಳೆ ವಯಸ್ಸಿನಲ್ಲಿ. ಅದರ ಆಚೆ ಇರುವ ಒಂದಿಡೀ ಲೋಕವನ್ನು ಒಂದು ಕಳೆಯುವ ಲೆಕ್ಕ ಈಚೆಗೆ ತಂದುಕೊಡುತ್ತದೆ. ಎಷ್ಟು ಸಲ ಯೋಚಿಸಿದರೂ ನನಗೆ ಇದು ಹಳೆಯದಾಗುವುದಿಲ್ಲ.

ಈಗ ಸೀಟಿಯ ಕಥೆ. ಪವರ್ ಕೊಟ್ಟ ತಕ್ಷಣ 42 ಕಿಲೋಹರ್ಟ್ಸ್ ಹತ್ತಿರ ಒಂದೇ ಸಮನೆ 'ಕುಯ್ಯ್' ಅನ್ನುವ ಸದ್ದು. ನಮ್ಮ ಬೀದಿದೀಪದ ಸುತ್ತ ಹುಳ ಹಿಡಿಯುವ ಚಿಕ್ಕ ಪಿಪಿಸ್ಟ್ರೆಲ್ ಬಾವಲಿಗಳು ಹೆಚ್ಚಾಗಿ ಕೂಗುವ ಜಾಗವೇ ಅದು. 70ರಲ್ಲೋ 80ರಲ್ಲೋ ಇದ್ದಿದ್ದರೆ ಹಾಳಾಗಿ ಹೋಗಲಿ ಅಂತ ಬಿಡಬಹುದಿತ್ತು. ಇದು ಬಾಗಿಲಿಗೆ ಅಡ್ಡ ನಿಂತ ಹಾಗಿತ್ತು.

ಮೊದಲ ಅನುಮಾನ ಮನೆಯ ಮೇಲೇ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್ ಇವೆಲ್ಲ ಅಲ್ಟ್ರಾಸೌಂಡಿನಲ್ಲಿ ಎಷ್ಟು ಗಲಾಟೆ ಮಾಡುತ್ತವೆ ಅಂತ ಡಿಟೆಕ್ಟರ್ ಹಿಡಿದು ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ. ಒಂದೊಂದನ್ನೇ ಆಫ್ ಮಾಡುತ್ತಾ ಬಂದೆ. ಸೀಟಿ ಹೋಗಲಿಲ್ಲ. ಅಷ್ಟರಲ್ಲಿ ಇಡೀ ಏರಿಯಾದ ಕರೆಂಟೇ ಹೋಯಿತು. ಅವತ್ತು ಅದಕ್ಕೆ ಖುಷಿಪಟ್ಟವನು ನಮ್ಮ ಬೀದಿಯಲ್ಲಿ ನಾನೊಬ್ಬನೇ ಇರಬೇಕು! ಕತ್ತಲಲ್ಲಿ ಟೆರೇಸಿಗೆ ಓಡಿ ಹೆಡ್‌ಫೋನ್ ಹಾಕಿಕೊಂಡೆ. ಸೀಟಿ ಇದ್ದಲ್ಲೇ ಇತ್ತು.

ಅಂದರೆ ಅದು ಪೆಟ್ಟಿಗೆಯ ಒಳಗಿನದು. ಮೈಕ್ ಕಿತ್ತು, ಆಂಪ್ಲಿಫೈಯರಿನ ಇನ್‌ಪುಟ್ಟನ್ನು ಕೆಪಾಸಿಟರ್ ಹಾಕಿ ಗ್ರೌಂಡಿಗೆ ಕಟ್ಟಿದೆ. ಆಗಲೂ ಸೀಟಿ. ಇನ್ನೊಂದು ವಿಚಿತ್ರ ಅಂದರೆ ಡಯಲನ್ನು 14ಕ್ಕೆ ತಂದರೆ ಅಲ್ಲೂ ಅದೇ ಸೀಟಿ, ಸ್ವಲ್ಪ ಸಣ್ಣದಾಗಿ. ಎರಡು ಭೂತ ಇವೆಯೇನೋ ಅನ್ನಿಸುವುದು ಸಹಜ. ಆದರೆ ನಮ್ಮ ಆಸಿಲೇಟರ್ ಕೊಡುವುದು ಚೌಕ ಅಲೆ, ಅದರಲ್ಲಿ ಮೂರನೇ ಹಾರ್ಮೋನಿಕ್, ಅಂದರೆ ಮೂರು ಪಟ್ಟು ಆವರ್ತನವೂ ತುಂಬಿಕೊಂಡಿರುತ್ತದೆ. 14 ಮೂರಲೆ 42. ಭೂತ ಒಂದೇ, ಕಾಣುತ್ತಿದ್ದದ್ದು ಎರಡು ಕಿಟಕಿಯಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ 15ರಲ್ಲಿ ಬಾವಲಿ ಕೇಳಿಸಿತು ಅಂತ ಯಾರಾದರೂ ಹೇಳಿದರೆ, ಅದು ನಿಜಕ್ಕೂ 45ರದ್ದಾಗಿರುವ ಸಾಧ್ಯತೆ ಜಾಸ್ತಿ.

ಇಲ್ಲಿಂದ ಮುಂದೆ ತಲೆ ಕೆಟ್ಟು ಕೆರ ಹಿಡಿಯಿತು. ಆಪ್-ಆಂಪ್ ತಾನೇ ಸದ್ದು ಹುಟ್ಟಿಸಿಕೊಂಡು ಆಸಿಲೇಟ್ ಆಗುತ್ತಿದೆಯಾ ಅಂತ ಬದಲಾಯಿಸಿದೆ. ಇದಕ್ಕೊಂದು ಉಪಕಥೆ ಇದೆ. 10 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್‌ನ ಡ್ಯುಯಲ್ ಆಪ್-ಆಂಪ್ ಅಂತ ಒಬ್ಬ ಮಾರಾಟಗಾರ ಕಳಿಸಿದ ಚಿಪ್ಪುಗಳು 40 ಕಿಲೋಹರ್ಟ್ಸ್ ಬರುವಷ್ಟರಲ್ಲಿ ಸುಸ್ತಾಗಿ ಕೂರುತ್ತಿದ್ದವು. ಅಸಿಟೋನ್ ಅದ್ದಿದ ಇಯರ್‌ಬಡ್ಡಿನಿಂದ ಮೇಲ್ಮೈ ಉಜ್ಜಿದೆ. ಬಿಳಿ ಅಕ್ಷರ ಪೂರ್ತಿ ಅಳಿಸಿಹೋಯಿತು, ಜೊತೆಗೆ ಕಪ್ಪು ಬಣ್ಣದ ಒಂದು ಪದರ ಬಡ್ಡಿಗೆ ಅಂಟಿಕೊಂಡಿತು. ಕೆಳಗೆ ಸ್ಯಾಂಡ್‌ಪೇಪರ್ ಎಳೆದ ಗೆರೆಗಳು ಸಾಲಾಗಿ ಕಂಡವು. ಯಾವುದೋ ಅಗ್ಗದ ಚಿಪ್ಪಿನ ಮುಖ ತಿಕ್ಕಿ ಹೊಸ ಹೆಸರು ಬರೆದಿದ್ದರು. ಫೋನ್ ಮಾಡಿದರೆ 'ಮಾರಿದ ಮಾಲು ವಾಪಸ್ ಇಲ್ಲ ಸಾರ್' ಅನ್ನುವ ಉತ್ತರ. ಅದೇ ಪಾರ್ಸೆಲ್‌ನಲ್ಲಿ ಮೆಮ್ಸ್ ಮೈಕುಗಳು ರೀಲ್ ಟೇಪಿಲ್ಲದೆ, ಕಡಲೆಕಾಯಿ ಹಾಗೆ ಬಿಡಿಬಿಡಿಯಾಗಿ ಕವರಿನಲ್ಲಿ ಬಂದಿದ್ದವು. ಧೂಳು ಕೂತರೆ ಕೆಟ್ಟೇ ಹೋಗುವ ವಸ್ತು ಅದು. ಕೆಲಸ ಗೊತ್ತಿದ್ದವರು ಹೀಗೆ ಕಳಿಸಬಾರದು. ನನಗೆ ನಿಜವಾಗಿಯೂ ಸಿಟ್ಟು ಬಂತು, ಇನ್ನೂ ಇಳಿದಿಲ್ಲ.

ಅಸಲಿ ಚಿಪ್ ಹಾಕಿದ ಮೇಲೆ ಸದ್ದು ಹಿಗ್ಗಿಸುವ ಗೇನ್ ಬಂತು. ಸೀಟಿಯೂ ಇನ್ನಷ್ಟು ಜೋರಾಗಿ ಬಂತು!

ಸುಳಿವು ಸಿಕ್ಕಿದ್ದು ಎರಡು ಸಣ್ಣ ವಿಷಯಗಳಿಂದ. ಬ್ಯಾಟರಿ ಅರ್ಧ ಇಳಿದಾಗ ಸೀಟಿ 42 ಬಿಟ್ಟು 46ರ ಹತ್ತಿರ ಹೋಗಿತ್ತು. ಆಮೇಲೆ ವಾಲ್ಯೂಮ್ ಏರಿಸಿದರೆ ಸೀಟಿ ಜೋರಾಗುವುದರ ಜೊತೆಗೆ ಅದರ ಸ್ವರವೂ ಸ್ವಲ್ಪ ಮೇಲೇರುತ್ತಿತ್ತು. ವಾಲ್ಯೂಮಿಗೂ ಸ್ವರಕ್ಕೂ ಏನು ಸಂಬಂಧ? ಎಲ್‌ಎಂ386 ಜಾಸ್ತಿ ಕರೆಂಟ್ ಎಳೆದಾಗ ಸ್ವರ ಬದಲಾಗುತ್ತದೆ ಅಂದರೆ, ಸದ್ದಿನ ಮೂಲ ಕರೆಂಟ್ ಕೊಡುವವನೇ.

ಒಂದು 3.7 ವೋಲ್ಟ್ ಲಿಥಿಯಂ ಸೆಲ್ಲಿನಿಂದ 5 ವೋಲ್ಟ್ ಮಾಡಲು ಒಂದು ಪುಟ್ಟ ಬೂಸ್ಟ್ ಮಾಡ್ಯೂಲ್ ಇಟ್ಟಿದ್ದೆ. 1.2 ಮೆಗಾಹರ್ಟ್ಸ್‌ನಲ್ಲಿ ಸ್ವಿಚ್ ಆಗುವಂಥದ್ದು, ಅಂದರೆ ಅಷ್ಟು ವೇಗದಲ್ಲಿ ಆನ್-ಆಫ್ ಆಗುತ್ತಾ ವೋಲ್ಟೇಜ್ ಏರಿಸುತ್ತದೆ. ಬಾವಲಿಗಳು ಕೂಗುವ ಜಾಗಕ್ಕಿಂತ ಅದು ಎಷ್ಟೋ ಮೇಲೆ. ಆದರೆ ಇಂಥ ಚಿಪ್ಪುಗಳು ಲೋಡ್ (ಎಳೆಯುವ ಕರೆಂಟ್) ಕಡಿಮೆ ಇದ್ದಾಗ ಒಂದೇ ಸಮನೆ ಸ್ವಿಚ್ ಆಗುವುದಿಲ್ಲ. ವಿದ್ಯುತ್ ಉಳಿಸಲು ಪಲ್ಸ್‌ಗಳನ್ನು ಬಿಟ್ಟು ಬಿಟ್ಟು ಕೊಡುತ್ತವೆ. ನಮ್ಮ ಡಿಟೆಕ್ಟರ್ ಎಳೆಯುವುದು ಕೆಲವೇ ಮಿಲಿಆಂಪ್. ಹೀಗೆ ಬಿಟ್ಟು ಬಿಟ್ಟು ಬರುವ ಕಂತೆಗಳ ವೇಗ ಮೆಗಾಹರ್ಟ್ಸ್‌ನಿಂದ ಇಳಿದು ಇಳಿದು ಸರಿಯಾಗಿ ಬಾವಲಿಯ ಸಾಲಿಗೆ ಬಂದು ಕೂತಿತ್ತು. ವೋಲ್ಟೇಜ್ ಇಳಿದಾಗ ಅಥವಾ ಲೋಡ್ ಏರಿದಾಗ ಹೆಚ್ಚು ಪಲ್ಸ್ ಬೇಕಾಗುತ್ತದೆ, ಸ್ವರ ಮೇಲೇರುತ್ತದೆ. ಲೆಕ್ಕ ಕೂಡಿತು.

ಖಾತ್ರಿ ಮಾಡಿಕೊಳ್ಳಲು ಬೂಸ್ಟ್ ಔಟ್‌ಪುಟ್ಟಿಗೆ 1 ವ್ಯಾಟಿನ ಒಂದು 47 ಓಮ್ ರೆಸಿಸ್ಟರ್ ಅಡ್ಡ ಹಾಕಿದೆ. ನೂರು ಮಿಲಿಆಂಪ್ ದಾಟಿದ ಲೋಡ್. ರೆಸಿಸ್ಟರ್ ಮುಟ್ಟಲಾಗದಷ್ಟು ಬಿಸಿಯಾಯಿತು, ಸೀಟಿ ಪೂರ್ತಿ ಮಾಯ. ತೆಗೆದೆ, ಸೀಟಿ ಬಂತು. ಮತ್ತೆ ಹಾಕಿದೆ, ಹೋಯಿತು. ಆ ಕ್ಷಣ ನಾನು ಜೋರಾಗಿ ಕೂಗಿದ್ದು ಕೆಳಗಿನ ಮನೆಯವರಿಗೂ ಕೇಳಿಸಿದೆ.

ಪರಿಹಾರ ಸರಳ. ಬೂಸ್ಟ್ ಮಾಡ್ಯೂಲ್ ಆಚೆ, ನಾಲ್ಕು ಎಎ ರೀಚಾರ್ಜಬಲ್ ಸೆಲ್ ಒಳಗೆ. 4.8 ವೋಲ್ಟ್ ನೇರವಾಗಿ 386ಕ್ಕೆ. ಮೈಕಿಗೂ ಮೊದಲ ಹಂತಕ್ಕೂ ಸ್ವಿಚ್ ಆಗದ ಲೀನಿಯರ್ ರೆಗ್ಯುಲೇಟರ್‌ನಿಂದ 3.3 ವೋಲ್ಟ್, ಅದರ ಮುಂದೆ ಸದ್ದು ಸೋಸಲು 100 ಓಮ್ ರೆಸಿಸ್ಟರ್ ಮತ್ತು 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಪೆಟ್ಟಿಗೆ ದಪ್ಪ ಆಯಿತು, ಚಾರ್ಜಿಂಗ್ ಪೋರ್ಟ್ ಹೋಯಿತು. ಹೋಗಲಿ. ಇಷ್ಟು ಸಣ್ಣ ಸದ್ದನ್ನು ಹಿಡಿಯುವ ಯಂತ್ರ ಮೊದಲು ತಾನು ಬಾಯಿ ಮುಚ್ಚಿಕೊಂಡಿರಬೇಕು. ಮಿಕ್ಕ ಸೌಕರ್ಯ ಆಮೇಲೆ.

ಅವತ್ತೇ ಸಂಜೆ ಊರಾಚೆಯ ಕೆರೆ ಏರಿಗೆ ಹೋದೆ. ಡಯಲ್ 43. ಮೊದಲು ಏನೂ ಇಲ್ಲ. ಆಮೇಲೆ 'ಟಪ್... ಟಪ್... ಟಪ್'. ಸೆಕೆಂಡಿಗೆ ಹತ್ತರ ಆಸುಪಾಸು, ಬಹುಪಾಲು ರೆಕ್ಕೆ ಬಡಿತದ ಲಯಕ್ಕೇ. ತಲೆಯೆತ್ತಿದರೆ ಬೆಳಕಿನ್ನೂ ಉಳಿದ ಆಕಾಶದಲ್ಲಿ ಒಂದು ಕಪ್ಪು ಚುಕ್ಕಿ ತಿರುಗುತ್ತಿದೆ. ಟಪ್‌ಗಳು ಹತ್ತಿರ ಹತ್ತಿರ ಬಂದವು, ಇದ್ದಕ್ಕಿದ್ದಂತೆ ಒಂದಕ್ಕೊಂದು ಅಂಟಿಕೊಂಡು 'ಬರ್ರ್ರ್' ಆದವು. ಚುಕ್ಕಿ ಗಕ್ಕನೆ ತಿರುಗಿತು. ಹುಳದ ಮೇಲೆ ಎರಗುವ ಕೊನೇ ಕ್ಷಣದಲ್ಲಿ ಬಾವಲಿ ಸೆಕೆಂಡಿಗೆ 150–200 ಕೂಗಿನವರೆಗೂ ಹೋಗುತ್ತದೆ. ಬೇಟೆ ಮುಗಿದ ಮೇಲೆ ಒಂದು ಸಣ್ಣ ಬಿಡುವು, ಮತ್ತೆ ಟಪ್ ಟಪ್. ಅದು ಏನು ಮಾಡುತ್ತಿದೆ ಅಂತ ಕಣ್ಣಿಗಿಂತ ಮೊದಲೇ ಕಿವಿ ಹೇಳುತ್ತಿತ್ತು. ಇಷ್ಟು ವರ್ಷ ನಿಶ್ಶಬ್ದ ಅಂದುಕೊಂಡಿದ್ದ ಸಂಜೆಗಳೆಲ್ಲ ಹೀಗೇ ಗಿಜಿಗುಡುತ್ತಿದ್ದವು ಅಂತ ತಿಳಿದಾಗ ಮೈ ಜುಮ್ಮೆಂದಿತು. ಬಾಯಿಯ ಹತ್ತಿರ ಅಳೆದರೆ ಎಷ್ಟೋ ಬಾವಲಿಗಳ ಕೂಗು 110 ಡೆಸಿಬೆಲ್ ದಾಟುತ್ತದೆ!

ದೂರದ ಬಗ್ಗೆ ಒಂದು ಮಾತು. 40 ಕಿಲೋಹರ್ಟ್ಸ್ ಸದ್ದನ್ನು ಗಾಳಿಯೇ ಮೀಟರಿಗೆ ಒಂದು ಡೆಸಿಬೆಲ್‌ಗಿಂತ ಜಾಸ್ತಿ ನುಂಗುತ್ತದೆ, 100ಕ್ಕೆ ಹೋದರೆ ಮೂರು ಅಥವಾ ಇನ್ನೂ ಹೆಚ್ಚು. ಹಾಗಾಗಿ ಮೈಕನ್ನು ಬಾವಲಿಯ ಕಡೆ ತಿರುಗಿಸುವುದು ಮುಖ್ಯ. ಇದಕ್ಕೊಂದು ಹಳೇ ಕಥೆ ಇದೆ. 1938ರಲ್ಲಿ ಹಾರ್ವರ್ಡ್‌ನಲ್ಲಿ ಡೊನಾಲ್ಡ್ ಗ್ರಿಫಿನ್ ಅನ್ನುವ ವಿದ್ಯಾರ್ಥಿ ಬಾವಲಿಗಳನ್ನು ಪಂಜರದಲ್ಲಿಟ್ಟುಕೊಂಡು ಭೌತಶಾಸ್ತ್ರದ ಪ್ರೊಫೆಸರ್ ಜಿ.ಡಬ್ಲ್ಯೂ. ಪಿಯರ್ಸ್ ಬಳಿ ಹೋದರು. ಅಲ್ಟ್ರಾಸೌಂಡನ್ನು ಕಿವಿಗೆ ಇಳಿಸುವ ಯಂತ್ರ ಪಿಯರ್ಸ್ ಬಳಿ ಇತ್ತು. ಪಂಜರವನ್ನು ಅದರ ಮುಂದೆ ಹಿಡಿದದ್ದೇ ತಡ, ಸದ್ದೋ ಸದ್ದು. ಆದರೆ ಕೋಣೆಯಲ್ಲಿ ಹಾರಲು ಬಿಟ್ಟಾಗ ಹೆಚ್ಚೇನೂ ಕೇಳಲಿಲ್ಲ, ಯಾಕೆಂದರೆ ಮೈಕ್ ನೇರ ಎದುರಿನ ಸದ್ದನ್ನಷ್ಟೇ ಹಿಡಿಯುತ್ತಿತ್ತು. ಕುರುಡಾದ ಬಾವಲಿಯೂ ಸರಾಗವಾಗಿ ಹಾರುತ್ತದೆ ಅಂತ ಇಟಲಿಯ ಸ್ಪಲ್ಲಾಂಜಾನಿ 1790ರ ದಶಕದಲ್ಲೇ ತೋರಿಸಿದ್ದರು, ಕಿವಿ ಮುಚ್ಚಿದರೆ ಢಿಕ್ಕಿ ಹೊಡೆಯುತ್ತದೆ ಅಂತಲೂ ಆಗಲೇ ಗೊತ್ತಾಗಿತ್ತು. ಆದರೂ ನಿಶ್ಶಬ್ದವಾಗಿ ಹಾರುವ ಪ್ರಾಣಿ ಕಿವಿಯಿಂದ ಏನು ಕೇಳುತ್ತದೆ ಅಂತ ತಿಳಿಯಲು ಸುಮಾರು ಒಂದೂವರೆ ಶತಮಾನ ಬೇಕಾಯಿತು. ಬುದ್ಧಿಗೆ ಕೊರತೆ ಇರಲಿಲ್ಲ, ಉಪಕರಣ ಇರಲಿಲ್ಲ ಅಷ್ಟೇ. ಅಂಥದ್ದೇ ಉಪಕರಣ ಇವತ್ತು ನನ್ನ ಅಂಗೈಯಲ್ಲಿ ಕೂರುತ್ತದೆ.

ಮಧ್ಯೆ ಇನ್ನೊಂದು ಆಸೆ ತಲೆಯೊಳಗೆ ಹೊಕ್ಕಿದೆ. ವಿಎಲ್‌ಎಫ್ ರಿಸೀವರ್, ಅಂದರೆ ತೀರಾ ಕಡಿಮೆ ಆವರ್ತನದ ರೇಡಿಯೋ ಅಲೆ ಹಿಡಿಯುವ ಪೆಟ್ಟಿಗೆ! ದೂರದ ಸಿಡಿಲು ಹುಟ್ಟಿಸುವ ರೇಡಿಯೋ ಅಲೆಗಳಲ್ಲಿ ಒಂದು ಭಾಗದ ಆವರ್ತನ ಕೆಲವೇ ಕಿಲೋಹರ್ಟ್ಸ್, ಅಂದರೆ ನಮ್ಮ ಕಿವಿಯ ಅಳತೆಯಲ್ಲೇ. ಇಲ್ಲಿ ಕಳೆಯುವ ಲೆಕ್ಕವೂ ಬೇಡ. ಒಂದು ಮೀಟರ್ ತಂತಿ, ಒಂದು ಜೆಫೆಟ್ ಟ್ರಾನ್ಸಿಸ್ಟರ್, ಒಂದು ಆಡಿಯೋ ಆಂಪ್ಲಿಫೈಯರ್ ಸಾಕು. ರಾತ್ರಿ ಹೊತ್ತು ನೆಲಕ್ಕೂ ಅಯನೋಸ್ಫಿಯರಿಗೂ (ಮೇಲಿನ ವಿದ್ಯುದಾವೇಶದ ಗಾಳಿಪದರ) ನಡುವೆ ಪುಟಿದು ಬರುವ 'ಟ್ವೀಕ್'ಗಳು 1.7 ಕಿಲೋಹರ್ಟ್ಸ್ ಹತ್ತಿರ ಬಾಲ ಎಳೆಯುತ್ತವಂತೆ. ಏಪ್ರಿಲ್–ಮೇ ತಿಂಗಳ ಗುಡುಗಿನ ಮಳೆಗೆ ಮೊದಲು ಕಟ್ಟಬೇಕು. ವಿದ್ಯುತ್ ತಂತಿಗಳ 50 ಹರ್ಟ್ಸ್ ಹಮ್ಮಿನಿಂದ ದೂರ ಇರುವ ಬಯಲು ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಅದಕ್ಕೂ ಮುಂಚೆ ಬಾವಲಿಯ ಎರಡನೇ ಕಂತು. ಹೆಟರೊಡೈನ್ ಚೆಂದವೇ, ಆದರೆ ಡಯಲ್ ಇಟ್ಟ ಕಡೆ ಮಾತ್ರ ಕೇಳುತ್ತದೆ, ಜಾತಿ ಗುರುತಿಸುವುದು ಕಷ್ಟ. ಮುಂದಿನದು ಟೈಮ್ ಎಕ್ಸ್‌ಪ್ಯಾನ್ಷನ್. ಕೂಗನ್ನು ಪೂರ್ತಿ ರೆಕಾರ್ಡ್ ಮಾಡಿ ಹತ್ತು ಪಟ್ಟು ನಿಧಾನವಾಗಿ ಬಿಡುವುದು. 5 ಮಿಲಿಸೆಕೆಂಡಿನ ಕೂಗು 50 ಆಗುತ್ತದೆ, 45 ಕಿಲೋಹರ್ಟ್ಸ್ 4.5 ಆಗುತ್ತದೆ.

ನನಗೆ ಇದು ಯಾಕೆ ಬೇಕು ಅಂದರೆ, ಕೋಲಾರ ಜಿಲ್ಲೆಯ ಹನುಮನಹಳ್ಳಿಯಲ್ಲಿ ಕೋಲಾರ ಎಲೆಮೂಗಿನ ಬಾವಲಿ ಇದೆ. ಜಗತ್ತಿನಲ್ಲಿ ಬೇರೆಲ್ಲೂ ಈಗ ಉಳಿದದ್ದು ಕಂಡುಬಂದಿಲ್ಲ. ಇರುವುದು ಕೆಲವೇ ನೂರು. ಸುತ್ತಲಿನ ಕಲ್ಲು ಗಣಿಗಾರಿಕೆಯೇ ಅದಕ್ಕೆ ದೊಡ್ಡ ಅಪಾಯ. ಅದು ಕೂಗುವುದು 100 ಕಿಲೋಹರ್ಟ್ಸ್ ಮೇಲೆ. ಆ ಗುಹೆಗೆ ಹೋಗಿ ತೊಂದರೆ ಕೊಡುವ ಯೋಚನೆ ನನಗಿಲ್ಲ, ಯಾರೂ ಹೋಗಬಾರದು. ಆದರೆ ನಮ್ಮ ರಾಜ್ಯದಲ್ಲೇ ಇರುವ ಬಾವಲಿಗಳ ಕೂಗನ್ನು ಪೂರ್ತಿ ಹಿಡಿಯಬಲ್ಲ ಅಗ್ಗದ ಪೆಟ್ಟಿಗೆ ನಮ್ಮ ಕೈಯಲ್ಲೇ ತಯಾರಾಗಬೇಕು. ಶಾಲೆ ಮಕ್ಕಳು ತಮ್ಮೂರಿನ ಹಳೇ ಗುಡಿ, ಹುಣಸೆ ತೋಪಿನ ಬಾವಲಿಗಳನ್ನು ಕೇಳಬೇಕು. ಇದು ನನ್ನ ಗಟ್ಟಿ ಆಸೆ.

ಈ ರೆಕಾರ್ಡಿಂಗಿಗೆ ಸೆಕೆಂಡಿಗೆ 2,50,000 ಸ್ಯಾಂಪಲ್ (ಸದ್ದಿನ ಅಳತೆ), ಒಂದಕ್ಕೆ ಎರಡು ಬೈಟ್ ಅಂದರೆ ಅರ್ಧ ಮೆಗಾಬೈಟ್. ಮೆಮೊರಿ ಕಾರ್ಡಿಗೆ ಅದೇನೂ ಹೊರೆಯಲ್ಲ, ಆದರೆ ಬರೆಯುವಾಗ ನಡುವೆ ಅದು ಆಗಾಗ ತಡವರಿಸುತ್ತದೆ. ಆ ಹೊತ್ತು ದಾಟಿಸಲು ಟೀನ್ಸಿ 4.1 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನ ಹಿಂದೆ, ತಾತ್ಕಾಲಿಕವಾಗಿ ಡೇಟಾ ಇಟ್ಟುಕೊಳ್ಳುವ 8 ಮೆಗಾಬೈಟಿನ ಪಿಎಸ್‌ರ‍್ಯಾಮ್ ಚಿಪ್ ಬೆಸುಗೆ ಹಾಕಬೇಕು. ಹದಿನಾರು ಸೆಕೆಂಡ್ ಜಾಗ ಸಿಗುತ್ತದೆ. ಚಿಪ್ ಆರ್ಡರ್ ಮಾಡಿಯಾಗಿದೆ, ಈ ಸಲ ಬೇರೆ ಅಂಗಡಿಯಿಂದ. ಅಸಿಟೋನ್ ಬಾಟಲಿಯನ್ನು ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೇನೆ.