ಇಶಾಪುರದ ರೈಫಲ್ಲಿಗೆ ಯಾವ ಮದ್ದು?

19 ಅಕ್ಟೋಬರ್ 2024, ಶನಿವಾರ
ಪೆನ್ಸಿಲ್ವೇನಿಯಾ

ನನ್ನ ರೈಫಲ್ಲುಗಳ ತೋಟೆಗಳನ್ನು ನಾನೇ ತುಂಬಿಕೊಳ್ಳುತ್ತೇನೆ. ಚಳಿಗಾಲದಲ್ಲಿ ಎರಕ ಹೊಯ್ದಿಡುವ ಸೀಸದ ಗುಂಡುಗಳಿಗೆ ಯಾವ ಮದ್ದನ್ನು ತರಿಸಬೇಕೆಂಬುದನ್ನು ಈ ವಾರ ತೀರ್ಮಾನಿಸಬೇಕು. ನಾನು ಇಷ್ಟು ಕಾಲ ನೆಚ್ಚಿಕೊಂಡಿದ್ದ ಎಸ್‌ಆರ್ 4759 ಎಂಬ ಮದ್ದಿನ ತಯಾರಿಕೆ ನಿಂತು ವರ್ಷಗಳೇ ಕಳೆದಿವೆ. ಜೋಪಾನವಾಗಿ ಉಳಿಸಿಕೊಂಡಿದ್ದ ಕೊನೆಯ ಡಬ್ಬಿಯೂ ಈಗ ಬರಿದಾಗಿದೆ. ಹಳೆಯ ರೈಫಲ್ಲುಗಳಲ್ಲಿ ಎರಕದ ಗುಂಡು ಹಾರಿಸುವವರೆಲ್ಲರೂ ಒಂದಲ್ಲ ಒಂದು ದಿನ ಎದುರಿಸುವ ಪ್ರಶ್ನೆ ಇದಾದ್ದರಿಂದ, ನಾನು ತೂಗಿ ನೋಡಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಮದ್ದು ಬೇಕಾಗಿರುವುದು ಮುಖ್ಯವಾಗಿ ಒಂದು ಲೀ-ಎನ್‌ಫೀಲ್ಡ್ ರೈಫಲ್ಲಿಗೆ. ಹಿಡಿಯ ಬಳಿಯ ಉಕ್ಕಿನ ಪಟ್ಟಿಯ ಮೇಲೆ ಕಿರೀಟದ ಗುರುತು, ಅದರ ಕೆಳಗೆ ಜಿಆರ್‌ಐ ಎಂಬ ಮೂರು ಅಕ್ಷರಗಳು (ರಾಜ-ಚಕ್ರವರ್ತಿ ಜಾರ್ಜ್ ಎಂಬುದರ ಲ್ಯಾಟಿನ್ ಹ್ರಸ್ವರೂಪ), ಇಶಾಪುರದ ಹೆಸರು ಮತ್ತು 1942 ಎಂಬ ಇಸವಿ ಇವೆ. ಬಂಗಾಳದ ಆ ಕಾರ್ಖಾನೆಯಲ್ಲಿ ತಯಾರಾಗಿ, ಸೇನೆಯ ಸೇವೆ ಮುಗಿದ ಮೇಲೆ ಹೆಚ್ಚುವರಿ ಸರಕಾಗಿ ಅಮೆರಿಕಕ್ಕೆ ಬಂದ ಅನೇಕ ರೈಫಲ್ಲುಗಳಲ್ಲಿ ಇದೂ ಒಂದು. ಇದರ ತೋಟೆಯಾದ .303 ಬ್ರಿಟಿಷ್ 1888ರಲ್ಲಿ ಹುಟ್ಟಿದಾಗ ಅದರೊಳಗೆ ಒತ್ತಿ ತುಂಬಿದ್ದು ಕರಿಮದ್ದನ್ನು; ಕೆಲವೇ ವರ್ಷಗಳಲ್ಲಿ ಆ ಜಾಗಕ್ಕೆ ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ಬಂದಿತು. ಏಬಲ್ ಮತ್ತು ಡ್ಯೂವರ್ 1889ರಲ್ಲಿ ರೂಪಿಸಿದ ಕಾರ್ಡೈಟಿನಲ್ಲಿ ನೈಟ್ರೋಗ್ಲಿಸರಿನ್ ಶೇಕಡ 58, ಗನ್‌ಕಾಟನ್ (ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿ) ಶೇಕಡ 37, ಉಳಿದ 5 ಪಾಲು ವ್ಯಾಸಲೀನ್. ಅದು ಪುಡಿಯಾಗಿರದೆ ಉದ್ದನೆಯ ಎಳೆಗಳ ಕಟ್ಟಾಗಿದ್ದುದರಿಂದ, ನೇರವಾಗಿರುವ ಕೇಸಿನೊಳಗೆ, ಅಂದರೆ ತೋಟೆಯ ಹಿತ್ತಾಳೆ ಕೊಳವೆಯೊಳಗೆ, ಮೊದಲು ಎಳೆಗಳನ್ನು ಇಳಿಸಿ ಆಮೇಲೆ ಕೇಸಿನ ಕುತ್ತಿಗೆಯನ್ನು ಕಿರಿದುಗೊಳಿಸುತ್ತಿದ್ದರು. ನೀಲಗಿರಿಯ ಪುಟ್ಟ ರೈಲಿನಲ್ಲಿ ಕೂನೂರಿನಿಂದ ಊಟಿಗೆ ಹೋದವರು ದಾರಿಯಲ್ಲಿ ಅರುವಂಕಾಡು ನಿಲ್ದಾಣವನ್ನು ನೋಡಿರುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಕಾರ್ಡೈಟ್ ಕಾರ್ಖಾನೆ ತಲೆಯೆತ್ತಿದ್ದು ಅಲ್ಲಿಯೇ.

ಈ ಹಿನ್ನೆಲೆಯನ್ನು ಹೇಳಲು ಕಾರಣವಿದೆ. ಕಾರ್ಡೈಟ್ ಉರಿಯುವಾಗಿನ ಶಾಖ ಬಹಳ ಹೆಚ್ಚು. ಅದು ನಳಿಗೆಯ ಬಾಯಿಕಟ್ಟನ್ನು, ಅಂದರೆ ಗುಂಡು ಮೊದಲು ತಿರುಪಿನ ಗೆರೆಗಳನ್ನು ಕಚ್ಚಿಕೊಳ್ಳುವ ಜಾಗವನ್ನು, ಸವೆಸಿಬಿಡುತ್ತದೆ. ಇಂತಹ ನಳಿಗೆಗೆ ಪುಸ್ತಕದಲ್ಲಿ ಬರೆದ ಅಳತೆಯ ಗುಂಡು ಸಡಿಲವಾಗುತ್ತದೆ. ಆದ್ದರಿಂದ ಮದ್ದಿನ ಮಾತಿಗೆ ಮೊದಲು ನಳಿಗೆಯನ್ನು ಅಳೆಯಲೇಬೇಕು. ಎಣ್ಣೆ ಸವರಿದ ನಳಿಗೆಯೊಳಗೆ ಮೆತ್ತನೆಯ ಶುದ್ಧ ಸೀಸದ ಉಂಡೆಯೊಂದನ್ನು ಕಂಬಿಯಿಂದ ನಿಧಾನವಾಗಿ ತಳ್ಳಿ, ಆಚೆ ಬಂದ ಉಂಡೆಯ ಮೇಲೆ ಮೂಡಿರುವ ಗೆರೆಗಳನ್ನು ಮೈಕ್ರೋಮೀಟರಿನಲ್ಲಿ ಹಿಡಿದು ನೋಡುವುದು ಸರಳವಾದ ವಿಧಾನ. ಲೀ-ಎನ್‌ಫೀಲ್ಡಿನಲ್ಲಿ ಐದು ಗೆರೆಗಳಿರುವುದರಿಂದ ಉಬ್ಬಿಗೆ ಎದುರಾಗಿ ತಗ್ಗು ಬರುತ್ತದೆ. ಉಂಡೆಯನ್ನು ತಿರುಗಿಸುತ್ತ ಅತಿ ದೊಡ್ಡ ಅಳತೆಯನ್ನು ಹುಡುಕುವ ತಾಳ್ಮೆ ಬೇಕು. ಈ ರೈಫಲ್ಲುಗಳಲ್ಲಿ ಗೆರೆಯ ತಗ್ಗಿನ ವ್ಯಾಸ 0.311 ಇಂಚಿನಿಂದ 0.315 ಇಂಚಿನವರೆಗೂ ಬದಲಾಗುತ್ತದೆ. ಗುಂಡು ಅದಕ್ಕಿಂತ ಒಂದೆರಡು ಸಾವಿರಾಂಶ ಇಂಚು ದಪ್ಪವಿರಬೇಕು. ಗುಂಡು ಸಡಿಲವಾಗಿದ್ದರೆ ಯಾವ ಮದ್ದನ್ನು ಹಾಕಿದರೂ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆಯುತ್ತದೆ, ನಳಿಗೆಯ ತುಂಬ ಸೀಸ ಮೆತ್ತಿಕೊಳ್ಳುತ್ತದೆ, ಬಳಿಕ ಎಲ್ಲರೂ ಮದ್ದನ್ನು ದೂರುತ್ತಾರೆ.

ಬ್ರಿಟಿಷ್ ಸೇನೆಯ ಮಾರ್ಕ್ 7 ತೋಟೆ 174 ಗ್ರೇನ್ (ಸುಮಾರು 11 ಗ್ರಾಂ) ತೂಕದ, ಮೇಲೆ ಲೋಹದ ಹೊದಿಕೆಯಿದ್ದ ಗುಂಡನ್ನು ಸೆಕೆಂಡಿಗೆ 2,440 ಅಡಿ ವೇಗದಲ್ಲಿ ಕಳಿಸುತ್ತಿತ್ತು. ಎರಕದ ಗುಂಡಿನಿಂದ ಅದನ್ನು ನಿರೀಕ್ಷಿಸುವುದು ತಪ್ಪು. ಹಿಂಬದಿಗೆ ತಾಮ್ರದ ಬಟ್ಟಲು, ಅಂದರೆ ಗ್ಯಾಸ್ ಚೆಕ್, ತೊಡಿಸಿ 1,400ರಿಂದ 1,700 ಅಡಿಯೊಳಗೆ ಇರಿಸಿದರೆ ಗುಂಡೂ ನೆಮ್ಮದಿಯಾಗಿರುತ್ತದೆ, ಎಂಬತ್ತು ವರ್ಷ ದಾಟಿದ ಮರದ ಕುಂದಕ್ಕೂ (ರೈಫಲ್ಲಿನ ಮರದ ಮೈಗೂ) ಪೆಟ್ಟು ಕಡಿಮೆ. ಹಿಂದಿನ ಗುರಿಕಣ್ಣಿನ ಗುರುತುಗಳು 200 ಗಜದಿಂದ ಮೊದಲಾಗುವುದರಿಂದ, ನಿಧಾನವಾಗಿ ಹೋಗುವ ಈ ಗುಂಡಿಗೆ 100 ಗಜದಲ್ಲಿಯೇ ಅದನ್ನು ಸಾಕಷ್ಟು ಮೇಲಕ್ಕೆತ್ತಬೇಕಾಗುತ್ತದೆ. ಅದರಿಂದ ತೊಂದರೆಯೇನೂ ಇಲ್ಲ.

ಈಗ ಮದ್ದಿನ ವಿಚಾರ. ಹೊಗೆರಹಿತ ಮದ್ದು ಎಷ್ಟು ಚುರುಕಾಗಿ ಉರಿಯುತ್ತದೆ ಎಂಬುದು ಅದರ ಸುತ್ತಲಿನ ಒತ್ತಡವನ್ನು ಅವಲಂಬಿಸಿದೆ: ಒತ್ತಡ ಏರಿದಂತೆ ಉರಿ ಚುರುಕಾಗುತ್ತದೆ, ಒತ್ತಡ ಸಾಲದಿದ್ದರೆ ಒಲೆಗೆ ಹಸಿ ಸೌದೆ ಒಡ್ಡಿದಂತೆ ಅರೆಬರೆ ಉರಿದು ಮಸಿ ಬಿಡುತ್ತದೆ. ಪೂರ್ಣ ತೂಕಕ್ಕೆಂದು ರೂಪಿಸಿದ ನಿಧಾನಗತಿಯ ರೈಫಲ್ ಮದ್ದನ್ನು ಮನಬಂದಂತೆ ಕಡಿಮೆ ಮಾಡಿದರೆ ಹೀಗಾಗುತ್ತದೆ. ಉರಿ ಅನಿಯತವಾಗಿ ಗುಂಡು ನಳಿಗೆಯಲ್ಲಿಯೇ ಸಿಕ್ಕಿಕೊಳ್ಳಬಹುದು, ಅದನ್ನು ಗಮನಿಸದೆ ಮುಂದಿನ ಗುಂಡು ಹಾರಿಸಿದರೆ ನಳಿಗೆ ಉಬ್ಬುತ್ತದೆ ಇಲ್ಲವೆ ಸೀಳುತ್ತದೆ. ನಿಧಾನಗತಿಯ ಮದ್ದನ್ನು ಕೈಪಿಡಿಯ ಕನಿಷ್ಠ ಮಿತಿಗಿಂತ ಕೆಳಗಿಳಿಸಿದಾಗ ಒತ್ತಡ ಇದ್ದಕ್ಕಿದ್ದಂತೆ ಏರಬಹುದೆಂಬ ಎಚ್ಚರಿಕೆಯನ್ನೂ ತಯಾರಕರು ಕೊಡುತ್ತಾರೆ. ಕಡಿಮೆ ಮದ್ದು ಎಂದಮಾತ್ರಕ್ಕೆ ಕಡಿಮೆ ಅಪಾಯ ಎಂದು ಭಾವಿಸುವವರನ್ನು ಶೂಟಿಂಗ್ ರೇಂಜಿನಲ್ಲಿ ಕಂಡಾಗಲೆಲ್ಲ ನನಗೆ ಆತಂಕವಾಗುತ್ತದೆ.

ಹಾಗಾದರೆ ಚುರುಕಾಗಿ ಉರಿಯುವ ಮದ್ದನ್ನೇ ಬಳಸಬಾರದೇಕೆ ಎಂಬ ಪ್ರಶ್ನೆ ಸಹಜ. ಮೂಲತಃ ಶಾಟ್‌ಗನ್ನಿನ ಮದ್ದಾದ ರೆಡ್ ಡಾಟ್ ಅಮೆರಿಕದ ಎರಕದ ಗುಂಡಿನವರಲ್ಲಿ ಬಹುಕಾಲದಿಂದ ಮೆಚ್ಚುಗೆ ಗಳಿಸಿದೆ. ತೀರ ಕಡಿಮೆ ಒತ್ತಡದಲ್ಲಿಯೂ ಅದು ಪೂರ್ತಿ ಉರಿಯುತ್ತದೆ, ತೂಕ ಕಡಿಮೆ ಸಾಕಾಗುವುದರಿಂದ 7,000 ಗ್ರೇನಿನ ಒಂದು ಪೌಂಡ್ ಡಬ್ಬಿ ಬಹಳ ದಿನ ಬಾಳುತ್ತದೆ. ಹಣದ ಲೆಕ್ಕಕ್ಕೆ ಅದನ್ನು ಮೀರಿಸುವುದು ಕಷ್ಟ. ಆದರೂ ನಾನು ಅದನ್ನು ನನ್ನ ಮೇಜಿಗೆ ತರುವುದಿಲ್ಲ. .303ರ ಕೇಸಿನೊಳಗೆ ಅದರ ಹಗುರ ತೂಕ ಅರ್ಧವನ್ನೂ ತುಂಬುವುದಿಲ್ಲ. ಮಾತಿನ ಮಧ್ಯೆ ಗಮನ ತಪ್ಪಿ ಒಂದೇ ಕೇಸಿಗೆ ಎರಡು ಸಲ ಸುರಿದರೂ ಅದು ಹಿಡಿಸುತ್ತದೆ, ಅದರ ಮೇಲೆ ಗುಂಡೂ ಸಲೀಸಾಗಿ ಕೂರುತ್ತದೆ. ಚುರುಕು ಮದ್ದಿನ ಇಮ್ಮಡಿ ತೂಕ ಎಂದರೆ ಮುಖದಿಂದ ಕೆಲವೇ ಅಂಗುಲ ದೂರದಲ್ಲಿ ಉಕ್ಕು ಒಡೆಯಬಹುದಾದ ಒತ್ತಡ. ಪ್ರತಿ ಕೇಸನ್ನೂ ದೀಪದಡಿಯಲ್ಲಿ ನೋಡುವ ಶಿಸ್ತಿರುವವರು ದಶಕಗಳ ಕಾಲ ಅದನ್ನು ಸುರಕ್ಷಿತವಾಗಿ ಬಳಸಿದ್ದಾರೆ, ಅವರ ಅನುಭವವನ್ನು ನಾನು ಗೌರವಿಸುತ್ತೇನೆ. ಆದರೆ ಕೈತಪ್ಪಿದಾಗ ಕಣ್ಣಿಗೆ ತಾನಾಗಿ ಬೀಳುವ ಮದ್ದು ದೊರೆಯುತ್ತಿರುವಾಗ, ಬೀಳದಿರುವುದನ್ನು ಆರಿಸಲು ಅಗ್ಗದ ಬೆಲೆ ನನಗೆ ಸಾಕಾದ ಕಾರಣವಲ್ಲ.

ಯೂನಿಕ್ ಎಂಬುದು 1900ರ ಸುಮಾರಿಗೆ ಬಂದ ಮದ್ದು; ಇಂದಿಗೂ ಮಾರಾಟದಲ್ಲಿದೆ. ಇಮ್ಮಡಿ ತೂಕದ ಭಯ ಇಲ್ಲಿಯೂ ಇದೆ. ಅದಕ್ಕಿಂತ ನನ್ನನ್ನು ಕಾಡಿದ್ದು ಮದ್ದು ಕೇಸಿನಲ್ಲಿ ಎಲ್ಲಿ ಒರಗಿದೆ ಎಂಬುದರ ಪರಿಣಾಮ. ಅರ್ಧ ಖಾಲಿಯಿರುವ ಕೇಸಿನಲ್ಲಿ ಮದ್ದು ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿನ ಕಡೆಗೆ ಸರಿದಿದ್ದರೆ ಕಿಡಿ ಕೂಡಲೇ ತಾಗಿ ಒತ್ತಡವೂ ವೇಗವೂ ಏರುತ್ತವೆ. ಗುಂಡಿನ ಕಡೆಗೆ ಸರಿದಿದ್ದರೆ ಎರಡೂ ಇಳಿಯುತ್ತವೆ. ಬೇಸಗೆಯಲ್ಲಿ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಇದನ್ನೇ ಪರೀಕ್ಷಿಸಿದೆ. ನಳಿಗೆಯನ್ನು ಆಕಾಶಕ್ಕೆತ್ತಿ ಮೆಲ್ಲಗೆ ಮಟ್ಟಕ್ಕಿಳಿಸಿ ಒಂದು ಸರದಿ, ನೆಲದತ್ತ ಬಾಗಿಸಿ ಮೆಲ್ಲಗೆ ಮಟ್ಟಕ್ಕೇರಿಸಿ ಇನ್ನೊಂದು ಸರದಿ ಹಾರಿಸಿದಾಗ, ಒಂದೇ ತೂಕದ ಯೂನಿಕ್ಕಿನಲ್ಲಿ ಸೆಕೆಂಡಿಗೆ ನೂರು ಅಡಿಗೂ ಮಿಗಿಲಾದ ಅಂತರ ಕಂಡಿತು, ಗುರಿಹಲಗೆಯ ಮೇಲೆ ಎರಡು ಬೇರೆ ಬೇರೆ ಗುಂಪುಗಳು ಮೇಲೆ ಕೆಳಗೆ ಮೂಡಿದವು. ಒಂದೇ ಡಬ್ಬಿಯ, ಒಂದೇ ತೂಕದ ಮದ್ದು ಅದು. ಪ್ರತಿ ಸಲವೂ ರೈಫಲ್ಲನ್ನು ಒಂದೇ ರೀತಿಯಲ್ಲಿ ಎತ್ತಿ ಇಳಿಸುವ ಅಭ್ಯಾಸವಿದ್ದರೆ ಈ ದೋಷ ಮುಚ್ಚಿಹೋಗುತ್ತದೆ, ಆದರೆ ನಿಂತು ಹಾರಿಸುವ ಸ್ಪರ್ಧೆಯಲ್ಲಿ ಆ ವ್ಯವಧಾನವಿರುವುದಿಲ್ಲ.

ಖಾಲಿ ಜಾಗವನ್ನು ಡೇಕ್ರಾನ್ ನಾರಿನಿಂದಲೋ ಬೂರುಗದ ಹತ್ತಿಯಂತಹ ಕೇಪಾಕಿನಿಂದಲೋ ತುಂಬಿ ಮದ್ದನ್ನು ಹಿಂದಕ್ಕೆ ಒತ್ತಿಡುವ ರೂಢಿಯೂ ಉಂಟು. ಅದರಿಂದ ವೇಗ ಸಮನಾಗುವುದು ನಿಜ. ಆದರೆ ಅದೇ ಕಾರಣಕ್ಕೆ ಒತ್ತಡವೂ ಏರುತ್ತದೆ, ತಪ್ಪಾಗಿ ಬಳಸಿದಾಗ ತೋಟೆ ಕೂರುವ ಕೋಣೆಯ ಉಕ್ಕಿನಲ್ಲಿ ಉಂಗುರದಂತೆ ಉಬ್ಬು ಮೂಡುತ್ತದೆಂದು ಅನುಭವಿಗಳು ಎಚ್ಚರಿಸುತ್ತಾರೆ. ಮತ್ತೆ ಸಿಗದ 1942ರ ನಳಿಗೆಯ ಮೇಲೆ ಅಂತಹ ಪ್ರಯೋಗ ನನಗೆ ಒಪ್ಪಿಗೆಯಿಲ್ಲ.

ಇಮ್ಮಡಿ ತೂಕ ಮತ್ತು ಮದ್ದು ಸರಿದಾಡುವುದು ಎಂಬ ಈ ಎರಡು ತೊಂದರೆಗಳಿಗೂ ಉತ್ತರವಾಗಿ ಬಂದದ್ದು ಟ್ರೈಲ್ ಬಾಸ್. ನಡುವೆ ತೂತಿರುವ ಪುಟ್ಟ ಬಳೆಗಳಂತಹ ಅದರ ಹರಳುಗಳು ಎಷ್ಟು ಹಗುರವೆಂದರೆ ಸ್ವಲ್ಪ ತೂಕವೇ ಕೇಸನ್ನು ತುಂಬಿಬಿಡುತ್ತದೆ, ಎರಡನೆಯ ಸಲ ಸುರಿದರೆ ಹೊರಗೆ ಚೆಲ್ಲುತ್ತದೆ. ಗುಂಡಿನ ತಳದವರೆಗೆ ತುಂಬುವಷ್ಟು ಗರಿಷ್ಠ, ಅದರ ಶೇಕಡ 70 ಆರಂಭ, ಎಂದಿಗೂ ಒತ್ತಿ ತುಂಬಬಾರದು ಎಂಬುದು ತಯಾರಕರು ಕೊಟ್ಟ ನಿಯಮ. .303ರಲ್ಲಿ ಅದರ ವೇಗ ತೀರ ಕಡಿಮೆಯಾದರೂ ಹೊಸಬರ ಕೈಗೆ ಕೊಡಲು ಅದಕ್ಕಿಂತ ಉತ್ತಮವಾದುದನ್ನು ನಾನು ಕಂಡಿಲ್ಲ. ದುರದೃಷ್ಟವಶಾತ್ ಇಲ್ಲಿನ ಅಂಗಡಿಗಳಲ್ಲಿ ಅದೂ ಈಗ ಕಾಣಸಿಗುವುದಿಲ್ಲ.

ಉಳಿದದ್ದು ಎರಡು. ಎಚ್4895ಕ್ಕೆ ಹಾಡ್ಜ್‌ಡನ್ ಸಂಸ್ಥೆಯೇ ಹೇಳಿರುವ ನಿಯಮವಿದೆ: ಕೈಪಿಡಿಯಲ್ಲಿ ಆ ತೋಟೆಗೆ ಕೊಟ್ಟ ಗರಿಷ್ಠ ತೂಕದ ಶೇಕಡ 60ರವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ. ರೈಫಲ್ ಮದ್ದಾದರೂ ಕಡಿಮೆ ಒತ್ತಡದಲ್ಲಿ ಚೆನ್ನಾಗಿ ಉರಿಯುವ ಗುಣವೇ ಈ ನಿಯಮಕ್ಕೆ ಆಧಾರ. ಚಳಿ-ಬಿಸಿಲಿನ ವ್ಯತ್ಯಾಸಕ್ಕೂ ಅದು ಅಷ್ಟಾಗಿ ಅಲುಗುವುದಿಲ್ಲ. ನನ್ನ ವ್ಯಾಪ್ತಿಯ ಮೇಲಂಚಿಗೆ, ಅಂದರೆ ಗಟ್ಟಿ ಮಿಶ್ರಲೋಹದ ಗುಂಡನ್ನು 200 ಗಜಕ್ಕೆ ಹಾರಿಸುವುದಕ್ಕೆ, ಅದು ಒಪ್ಪುತ್ತದೆ. ಇನ್ನೊಂದು ಅಕ್ಯುರೇಟ್ 5744. ನೈಟ್ರೋಗ್ಲಿಸರಿನ್ ಬೆರೆತಿರುವುದರಿಂದ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಕೇಸಿನಲ್ಲಿ ಎಲ್ಲಿ ಒರಗಿದ್ದರೂ ಹೆಚ್ಚು ಭೇದ ತೋರುವುದಿಲ್ಲ; .45-70ಯಂತಹ ಕರಿಮದ್ದಿನ ಕಾಲದ ದೊಡ್ಡ ಕೇಸುಗಳಲ್ಲಿಯೂ ಅದನ್ನು ನೆಚ್ಚಿರುವುದು ಈ ಗುಣಕ್ಕಾಗಿಯೇ. ನನ್ನ ಕ್ರೋನೋಗ್ರಾಫಿನಲ್ಲಿಯೂ ಎತ್ತಿ ಹಾರಿಸಿದ್ದಕ್ಕೂ ಬಾಗಿಸಿ ಹಾರಿಸಿದ್ದಕ್ಕೂ ಅಂತರ ಅಲ್ಪವೇ. ಎರಡು ಸಲ ಸುರಿದರೆ ಅದು ಚೆಲ್ಲುವುದಿಲ್ಲ, ಆದರೆ ಮದ್ದು ಕೇಸಿನ ಭುಜದ ಹತ್ತಿರ ಬಂದು ನಿಲ್ಲುವುದರಿಂದ ಅಕ್ಕಪಕ್ಕದ ಕೇಸುಗಳೊಂದಿಗೆ ಹೋಲಿಸಿದೊಡನೆ ಎದ್ದು ಕಾಣುತ್ತದೆ. ಹಗುರ ತೂಕದಲ್ಲಿ ಉರಿಯದೆ ಉಳಿದ ಹಳದಿ ಕಡ್ಡಿಗಳು ನಳಿಗೆಯಲ್ಲಿ ಕಾಣಸಿಗುವುದು ಅದರ ಕೊರತೆ. ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್ ತೆರೆದಾಗ ಅವು ಕೆಳಗೆ ಉದುರುತ್ತವೆ. ನೋಡಲು ಅಸಹ್ಯ, ಗುರಿಗೆ ಬಾಧಕವಲ್ಲ.

ಗುಂಡಿನ ಗಡಸುತನವನ್ನೂ ಮದ್ದಿಗೆ ಹೊಂದಿಸಬೇಕು. ಶೇಕಡ 90 ಸೀಸ, 5 ತವರ, 5 ಆಂಟಿಮನಿ ಇರುವ ಲೈಮನ್ ನಂ. 2 ಮಿಶ್ರಣದ ಗಡಸು ಬ್ರಿನೆಲ್ ಮಾಪನದಲ್ಲಿ ಸುಮಾರು 15. ಮುದ್ರಣಾಲಯದ ಅಚ್ಚುಮೊಳೆಯ ಲೈನೋಟೈಪ್ ಲೋಹ 22ರ ಹತ್ತಿರ. ಗಟ್ಟಿಯಾದಷ್ಟೂ ಒಳ್ಳೆಯದೆಂದು ಲೈನೋಟೈಪನ್ನೇ ಹುಡುಕುವವರಿದ್ದಾರೆ, ಆದರೆ ಹಗುರ ಮದ್ದಿನ ಒತ್ತಡಕ್ಕೆ ಅಷ್ಟು ಗಟ್ಟಿ ಗುಂಡು ಹಿಗ್ಗಿ ನಳಿಗೆಯನ್ನು ಮುಚ್ಚುವುದಿಲ್ಲ. 5744ರ ಒತ್ತಡಕ್ಕೆ ನಂ. 2 ಮಿಶ್ರಣ ಸಾಕು. ಮೇಲೆ ಸವರಲು ಜೇನುಮೇಣ ಮತ್ತು ಆಲಾಕ್ಸ್ ಎಂಬ ಜಿಡ್ಡು ಸಮಪಾಲು.

ನನ್ನ ತೂಕದ ಅಂಕಿಗಳನ್ನು ಬೇಕೆಂದೇ ಇಲ್ಲಿ ಬರೆದಿಲ್ಲ. ನನ್ನ ಸವೆದ ನಳಿಗೆಗೆ, ನನ್ನ ಗುಂಡಿಗೆ ಹೊಂದಿದ ಅಂಕಿ ಇನ್ನೊಬ್ಬರ ರೈಫಲ್ಲಿಗೆ ಹೊಂದಬೇಕೆಂದೇನಿಲ್ಲ. ಮದ್ದಿನ ತಯಾರಕರ ಇತ್ತೀಚಿನ ಕೈಪಿಡಿಯಿಂದಲೇ ಆರಂಭಿಸಬೇಕು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಕೇಂದ್ರ ಸರಕಾರದ ಪರವಾನಗಿ ಬೇಕಿಲ್ಲ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಊರಿನಲ್ಲಿ ಕುಳಿತು ಇದನ್ನು ಓದುವ ಬಂಧುಮಿತ್ರರು ಅದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ತೀರ್ಮಾನವಾಗಿದೆ. ಇಶಾಪುರದ ರೈಫಲ್ಲಿಗೆ 5744, ದೂರದ ಗುರಿಗೆ ಮಾತ್ರ ಎಚ್4895. ಮನೆಯಲ್ಲಿರುವ .30-40 ಕ್ರಾಗಿಗೂ 5744 ಅನ್ನೇ ಹಾಕುತ್ತೇನೆ. ನಾರ್ವೆಯ ವಿನ್ಯಾಸದ ಆ ರೈಫಲ್ಲನ್ನು ಅಮೆರಿಕದ ಸೇನೆ 1892ರಲ್ಲಿ ಸ್ವೀಕರಿಸಿತು. ಅದರ ಬೋಲ್ಟಿನ ಮುಂದುಗಡೆ ಒತ್ತಡ ಹೊರುವ ಕಿವಿ ಒಂದೇ ಒಂದು. ಸೇನೆ ವೇಗ ಹೆಚ್ಚಿಸಲು ಹೊರಟಾಗ ಆ ಕಿವಿಗಳು ಬಿರುಕು ಬಿಟ್ಟು, ಮತ್ತೆ ಸೆಕೆಂಡಿಗೆ 2,000 ಅಡಿಯ ಹಳೆಯ ತೋಟೆಗೇ ಮರಳಬೇಕಾಯಿತು. ಡಬ್ಬಿ ಬಂದೊಡನೆ ಮೊದಲು ಮಾಡಬೇಕಾದ ಕೆಲಸ ಕ್ರಾಗಿನ ಬೋಲ್ಟನ್ನು ಬಿಚ್ಚಿ, ಆ ಕಿವಿಯ ಬುಡವನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸುವುದು.