ಐವತ್ತಕ್ಕೆ ಟ್ರೋಮ್ಸೊ

ಬರುವ ಫೆಬ್ರವರಿಗೆ ನನಗೆ 50 ತುಂಬುತ್ತದೆ. ಕಾಲೇಜಿನ ಗೆಳತಿಯರೆಲ್ಲ ಸೇರಿ ನಾರ್ವೆಯ ಟ್ರೋಮ್ಸೊಗೆ ಹೊರಟಿದ್ದೇವೆ. ರಾತ್ರಿ ಆಕಾಶದಲ್ಲಿ ಹಸಿರು ಬೆಳಕು, ಅಂದರೆ ಧ್ರುವಪ್ರಭೆ (ಅರೋರಾ), ಕುಣಿಯುವುದನ್ನು ನೋಡಬೇಕೆಂಬುದು ನನ್ನ ಚಿಕ್ಕಂದಿನ ಆಸೆ.

ಹುಟ್ಟುಹಬ್ಬದ ರಾತ್ರಿಯೇ ಅದು ಕಾಣಿಸಬೇಕು ಅಂತ ಒಬ್ಬಳ ಹಟ. ಆದರೆ ಅದು ನಮ್ಮ ಕ್ಯಾಲೆಂಡರ್ ನೋಡಿ ಬರುವುದಿಲ್ಲ ಅಲ್ವಾ? ಸೂರ್ಯನಿಂದ ಹೊರಟ ಕಣಗಳು ಭೂಮಿಯ ವಾತಾವರಣದ ಆಮ್ಲಜನಕಕ್ಕೆ ಬಡಿದಾಗ ಆ ಹಸಿರು ಹೊಳೆಯುತ್ತದೆ. ಅದು ಸುಮಾರು 100 ಕಿಲೋಮೀಟರ್ ಎತ್ತರದ ಆಟ. ಮೋಡಗಳು ಅದಕ್ಕಿಂತ ಎಷ್ಟೋ ಕೆಳಗೆ. ಮೋಡ ಕವಿದರೆ ಏನೂ ಕಾಣುವುದಿಲ್ಲ. ಅದಕ್ಕೇ ಬೇರೆ ಊರುಗಳನ್ನೆಲ್ಲ ಬಿಟ್ಟು, ಅಲ್ಲೇ ಜಾಸ್ತಿ ರಾತ್ರಿ ಉಳಿಯೋಣ ಅಂದೆ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಫೆಬ್ರವರಿಯಲ್ಲಿ ಹಗಲೂ ಸಿಗುತ್ತದೆ, ಕತ್ತಲೂ ಸಿಗುತ್ತದೆ.

ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಆದರೂ ನಮಗೆ ಬೇಕಾಗುವುದು ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ. ಪ್ರಯಾಣಕ್ಕೆ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋಗಳ ಪ್ರಯಾಣ ವೈದ್ಯಕೀಯ ವಿಮೆಯೂ ಬೇಕು.

ನನಗೆ ಇದಕ್ಕಿಂತ ದೊಡ್ಡದು ಹಣದ ಮಾತು. ಹೋಟೆಲ್ ವಿಷಯ ಬಂದಾಗಲೆಲ್ಲ ಒಬ್ಬ ಗೆಳತಿ ಸುಮ್ಮನಾಗುತ್ತಿದ್ದಳು. ಅವಳಿಲ್ಲದೆ ನನಗೆ ಈ ಪ್ರವಾಸವೇ ಬೇಡ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಫೋನ್ ಮಾಡಿ, ಎಷ್ಟು ಖರ್ಚು ಮಾಡಬಲ್ಲೆ ಅಂತ ಕೇಳಿದೆ. ಎಲ್ಲರಿಗಿಂತ ಕಡಿಮೆ ಹೇಳಿದ ಮೊತ್ತವೇ ಈಗ ನಮ್ಮೆಲ್ಲರ ಬಜೆಟ್. ಅದು ಯಾರದ್ದು ಅಂತ ಯಾರಿಗೂ ಹೇಳಿಲ್ಲ. ಹೋಟೆಲ್ ಬಿಟ್ಟು, ಅಡುಗೆಮನೆ ಇರುವ ಒಂದು ಮನೆ ಹುಡುಕುತ್ತಿದ್ದೇವೆ.