ಶೇ. 38 ಚಾರ್ಜ್ ಇದ್ದರೂ ಆಫ್ ಆಗುತ್ತಿದ್ದ ಲ್ಯಾಪ್‌ಟಾಪ್

"ಅಣ್ಣಾ, ಮತ್ತೆ ಆಫ್ ಆಯ್ತು." ಹೋದ ತಿಂಗಳು ತಂಗಿಯಿಂದ ದಿನಕ್ಕೆ ಎರಡು ಸಲ ಇದೇ ಫೋನ್. ಪ್ರಾಜೆಕ್ಟ್ ರಿಪೋರ್ಟ್ ಕೊಡುವ ವಾರ ಬೇರೆ. ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದರೆ, ಬಿಚ್ಚಿಯೂ ನೋಡದೆ ಮದರ್‌ಬೋರ್ಡ್ ಹೋಗಿದೆ ಅಂದರಂತೆ. ನನಗೆ ಸಿಟ್ಟು ಬಂತು. ಭಾನುವಾರ ಊರಿಗೆ ಹೋಗಿ ನಾನೇ ಅದರ ಮುಂದೆ ಕೂತೆ.

ಯಾವಾಗ ಆಫ್ ಆಗುತ್ತೆ ಅಂತ ಕೇಳಿದರೆ "ಯಾವಾಗಂದ್ರೆ ಅವಾಗ" ಅಂದಳು. ಸರಿ, ಮೆಷಿನ್‌ನಲ್ಲಿ ಆಗಿದ್ದನ್ನೆಲ್ಲ ದಾಖಲೆಯಾಗಿ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್ ತೆಗೆದೆ. ಅದರ ಸಿಸ್ಟಮ್ ಲಾಗ್‌ನಲ್ಲಿ ಸಾಲಾಗಿ 'ಕರ್ನಲ್-ಪವರ್ 41' ಅನ್ನೋ ನಮೂದು. ಸರಿಯಾಗಿ ಶಟ್‌ಡೌನ್ ಆಗದೆ ಮೆಷಿನ್ ನಿಂತಿತ್ತು ಅಂತಷ್ಟೇ ಇದರ ಅರ್ಥ, ಯಾಕೆ ಅಂತ ಅದು ಹೇಳೋದಿಲ್ಲ. ಆದರೆ ಅದರ ವಿವರದಲ್ಲಿ ಬಗ್‌ಚೆಕ್ ಕೋಡ್, ಅಂದರೆ ವಿಂಡೋಸ್ ಕ್ರ್ಯಾಶ್ ಆದರೆ ಬರುವ ದೋಷ ಸಂಖ್ಯೆ, 0 ಇತ್ತು. ನೀಲಿ ಪರದೆ ಬಂದು ನಿಂತಿದ್ದರೆ ಸಾಮಾನ್ಯವಾಗಿ ಅಲ್ಲಿ ಬೇರೆ ಸಂಖ್ಯೆ ಇರುತ್ತೆ. ಹಾಗಾಗಿ ನನ್ನ ಅನುಮಾನ ಬಿಸಿ ಮತ್ತು ಕರೆಂಟಿನ ಮೇಲೆ ಹೋಯಿತು.

ಅವಳು ಹಾಸಿಗೆ ಮೇಲೆ ಇಟ್ಟುಕೊಂಡೇ ಕೆಲಸ ಮಾಡುವವಳು, ಕೆಳಗಿನ ಗಾಳಿಕಿಂಡಿ ರಗ್ಗಿನಲ್ಲಿ ಮುಚ್ಚಿಹೋಗುತ್ತೆ, ಅದಕ್ಕೇ ಮೊದಲು ಹಿಂದಿನ ಕವರ್ ಬಿಚ್ಚಿದೆ. ಫ್ಯಾನಿನ ಬಾಯಲ್ಲಿ ಧೂಳು ಬಟ್ಟೆಯ ಹಾಗೆ ಕೂತಿತ್ತು. ಬ್ರಷ್‌ನಿಂದ ತೆಗೆದೆ, ಪ್ರೊಸೆಸರ್ ಮೇಲಿನ, ಬಿಸಿಯನ್ನು ಹೊರಗೆ ಸಾಗಿಸುವ ಪೇಸ್ಟ್ ಒಣಗಿತ್ತು, ಅದನ್ನು ಒರೆಸಿ ಹೊಸದು ಹಚ್ಚಿದೆ. 95 ಡಿಗ್ರಿ ಮುಟ್ಟುತ್ತಿದ್ದದ್ದು 75ರ ಆಸುಪಾಸಿಗೆ ಇಳಿಯಿತು. ಇಷ್ಟೇ ಅಂದುಕೊಂಡೆ. ಸಂಜೆ ಚಾರ್ಜರ್ ತೆಗೆದು ವಿಡಿಯೋ ಕಾಲ್ ಹಾಕಿದ ಕೂಡಲೇ ಮತ್ತೆ ಕತ್ತಲೆ. ಬ್ಯಾಟರಿ ತೋರಿಸುತ್ತಿದ್ದದ್ದು ಶೇ. 38.

ಚಾರ್ಜರ್ ಹಾಕಿ ಒಂದು ಗಂಟೆ ಅದೇ ಕಾಲ್ ಇಟ್ಟೆ, ಏನೂ ಆಗಲಿಲ್ಲ. ತೊಂದರೆ ಬ್ಯಾಟರಿಯದ್ದು ಅಂತ ಆಗ ಗೊತ್ತಾಯಿತು. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪವರ್‌ಸಿಎಫ್‌ಜಿ' ಬರೆದು, ಜಾಗ ಬಿಟ್ಟು, ಸ್ಲ್ಯಾಶ್ ಹಾಕಿ 'ಬ್ಯಾಟರಿರಿಪೋರ್ಟ್' ಅಂತ ಕೊಟ್ಟರೆ ವಿಂಡೋಸ್ ಒಂದು ವರದಿ ಮಾಡಿಕೊಡುತ್ತೆ. ಹೊಸದಿದ್ದಾಗ 41,000 ಮಿಲಿವ್ಯಾಟ್-ಅವರ್ (ಬ್ಯಾಟರಿಯಲ್ಲಿ ತುಂಬುವ ಶಕ್ತಿಯ ಅಳತೆ) ಹಿಡಿಯುತ್ತಿದ್ದ ಬ್ಯಾಟರಿ ಈಗ 15,000ವೂ ಹಿಡಿಯುತ್ತಿರಲಿಲ್ಲ. ಇಂಥ ಬ್ಯಾಟರಿಯ ಒಳಗೆ ಸಾಮಾನ್ಯವಾಗಿ ಮೂರು ಸೆಲ್ ಒಂದರ ಹಿಂದೊಂದು ಜೋಡಿಸಿರುತ್ತಾರೆ, ಅದರಲ್ಲಿ ಒಂದು ಸೋತಿದ್ದರೂ ಜಾಸ್ತಿ ಕೆಲಸ ಬಿದ್ದಾಗ ವೋಲ್ಟೇಜ್ ತಟ್ಟನೆ ಕುಸಿಯುತ್ತೆ, ಶೇಕಡಾವಾರು ಎಷ್ಟೇ ತೋರಿಸಲಿ, ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಕರೆಂಟ್ ಕಡಿದುಬಿಡುತ್ತೆ. ವರ್ಷಗಟ್ಟಲೆ ಬಿಸಿಯಲ್ಲಿ, ಸದಾ ಚಾರ್ಜರ್‌ಗೆ ಸಿಕ್ಕಿಸಿಟ್ಟದ್ದೂ ಅದನ್ನು ಬೇಗ ಸವೆಸಿರುತ್ತೆ.

ಹೊಸ ಬ್ಯಾಟರಿ ಹಾಕಿ ಮೂರು ವಾರ ಆಯಿತು, ಒಮ್ಮೆಯೂ ಆಫ್ ಆಗಿಲ್ಲ. ಮದರ್‌ಬೋರ್ಡ್ ಅದೇ ಹಳೇದು.

ಒಂದು ಮಾತು. ನಿಮ್ಮ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ ಈ ಪರೀಕ್ಷೆಗಳನ್ನೆಲ್ಲ ಮಾಡುತ್ತಾ ಕೂರಬೇಡಿ. ಬ್ಯಾಟರಿ ಊದಿರಬಹುದು. ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್‌ಗೂ ಹಾಕಬೇಡಿ, ಬೆಂಕಿ ಹತ್ತಬಹುದು. ಆಫ್ ಮಾಡಿ, ಗೊತ್ತಿರುವವರ ಕೈಲಿ ತೆಗೆಸಿ. ಹಳೇ ಬ್ಯಾಟರಿಯನ್ನು ಮನೆ ಕಸದ ಜೊತೆ ಹಾಕದೆ ಇ-ವೇಸ್ಟ್ ತಗೊಳ್ಳುವವರಿಗೇ ಕೊಡಿ.